ಗ್ಯಾರೇಜಿನೊಳಗಿನ ಸ್ಕೈಲಾರ್ಕ್

ಗ್ಯಾರೇಜು ನಡೀನಳ ಪಾಲಿಗೆ ಬಂದು ಇನ್ನೂ ಎರಡು ವಾರವಾಗಿರಲಿಲ್ಲ.

ಕಾರು ಕಾರ್ಖಾನೆಗಳ ಊರಾದ ಫ್ಲಿಂಟಿನ ಪೂರ್ವದ ಅಂಚಿನಲ್ಲಿದ್ದ ಆ ಮನೆಗೆ ಮದುವೆಯಾಗಿ ಬಂದಾಗಿನಿಂದ ಅವಳ ಕಾರು ಹೊರಗೇ ನಿಂತಿತ್ತು. ಗ್ಯಾರೇಜಿನೊಳಗೆ ಮೊದಲು ಗಂಡ ಹಾರ್ಲನ್‌ನ ಮೀನು ಹಿಡಿಯುವ ದೋಣಿ ಇತ್ತು. ದೋಣಿ ಮಾರಿದ ಮೇಲೆ ಆ ಜಾಗಕ್ಕೆ ಮಗ ಟೋಬಿನ್‌ನ ಸೈಕಲ್ಲುಗಳು ಬಂದವು. ಹಾರ್ಲನ್‌ನ ತಾಯಿ ವೆಲ್ಡಾ ತನ್ನ ಮನೆ ಬಿಟ್ಟು ಇವರ ಜೊತೆ ಇರಲು ಬಂದಾಗ, ಆಕೆಯ ಮೂರು ಕೋಣೆಯ ಸಾಮಾನು ಸೂರಿನವರೆಗೆ ತುಂಬಿಕೊಂಡಿತು. ನಡೀನ್ ಆಸ್ಪತ್ರೆಯ ಅಡುಗೆಮನೆಯಲ್ಲಿ ಬೆಳಗಿನ ಪಾಳಿಯವಳು. ರೋಗಿಗಳ ತಿಂಡಿ ಏಳಕ್ಕೆ ಹೋಗಬೇಕಾದರೆ ಅವಳು ಐದಕ್ಕೆ ಮನೆ ಬಿಡಬೇಕು. ಚಳಿಗಾಲವೆಂದರೆ ಅವಳಿಗೆ ಕತ್ತಲಲ್ಲಿ ನಿಂತು ಕಾರಿನ ಗಾಜಿನ ಮೇಲಿನ ಹಿಮಗಡ್ಡೆ ಕೆರೆಯುವುದು, ಬೆರಳು ಮರಗಟ್ಟುವುದು, ಮೂಗು ಸೋರುವುದು.

ಆ ಬೇಸಿಗೆಯಲ್ಲಿ ಹಾರ್ಲನ್ ಹಟ ಹಿಡಿದವನಂತೆ ಎಲ್ಲವನ್ನೂ ಖಾಲಿ ಮಾಡಿದ. ಕೆಲವನ್ನು ಹಂಚಿದ, ಕೆಲವನ್ನು ಎಸೆದ, ತಾಯಿಯ ಜೊತೆ ಒಂದು ಹಳೆಯ ಕುರ್ಚಿಗಾಗಿ ಮೂರು ದಿನ ಜಗಳವಾಡಿದ. ಸೆಪ್ಟೆಂಬರಿನ ಕೊನೆಗೆ ನೆಲ ತೊಳೆದು, ನಡೀನಳ ಕಾರನ್ನು ತಾನೇ ಒಳಗೆ ನಿಲ್ಲಿಸಿ, ಕೀಲಿ ತಂದು ಅವಳ ಅಂಗೈಯಲ್ಲಿಟ್ಟ. "ಈ ಸಲ ಒಂದು ದಿನವೂ ನೀನು ಗಾಜು ಕೆರೆಯೋ ಹಾಗಿಲ್ಲ," ಎಂದ. ನಡೀನ್ ಅಂದು ಅವನಿಗೆ ಇಷ್ಟವಾದ ಪೀಚ್ ಹಣ್ಣಿನ ಸಿಹಿ ಕಡುಬು ಮಾಡಿದ್ದಳು.

ಅಕ್ಟೋಬರಿನ ಒಂದು ಭಾನುವಾರ ಮಧ್ಯಾಹ್ನ ಅವಳು ಕೋಳಿ ಸಾರಿಗೆ ಹಿಟ್ಟಿನ ಉಂಡೆ ಬಿಡುತ್ತಿದ್ದಾಗ ಹೊರಗೆ ಟ್ರೇಲರ್ ಹಿಂದಕ್ಕೆ ಬರುವ ಸದ್ದಾಯಿತು. ಕಿಟಕಿಯ ಪಕ್ಕ ಕೂತು ಬೀನ್ಸ್ ಕಾಳು ಆರಿಸುತ್ತಿದ್ದ ವೆಲ್ಡಾ ಕತ್ತು ಉದ್ದ ಮಾಡಿದಳು.

"ಏನೋ ತಂದಿದ್ದಾರೆ ಕಣೇ."

"ಏನು ಅತ್ತೆ?"

"ಕಾರಿನ ಹೆಣ ಇದ್ದ ಹಾಗಿದೆ."

ನಡೀನ್ ಕೈ ಒರೆಸಿಕೊಂಡು ಹೊರಗೆ ಹೋದಳು. ಟ್ರೇಲರಿನ ಮೇಲೆ ಒಂದು ಉದ್ದನೆಯ, ಎರಡೇ ಬಾಗಿಲಿನ ಕಾರಿತ್ತು. ಒಂದು ಕಾಲಕ್ಕೆ ನೀಲಿಯಾಗಿದ್ದಿರಬೇಕು. ಈಗ ಹಿಂದಿನ ಚಕ್ರಗಳ ಮೇಲೆ ತುಕ್ಕು ತಿಂದು ತೂತು ಬಿದ್ದಿತ್ತು. ಒಳಗಿನ ಸೀಟಿನಿಂದ ಹುಲ್ಲು, ಸ್ಪಂಜು, ಇಲಿಯ ಗೂಡು ಒಟ್ಟಿಗೇ ಹೊರಗೆ ಇಣುಕುತ್ತಿದ್ದವು. ಟೋಬಿನ್ ಅದರ ಪಕ್ಕ ಮದುಮಗನಂತೆ ನಿಂತಿದ್ದ. ಇಪ್ಪತ್ತು ವರ್ಷದ ಹುಡುಗ. ಟೈರಂಗಡಿಯಲ್ಲಿ ದುಡಿದು, ಎರಡು ವರ್ಷ ಸಿನಿಮಾ, ಹೋಟೆಲು, ಗೆಳತಿ ಎಲ್ಲವನ್ನೂ ದೂರ ಇಟ್ಟವನು.

"ಎಪ್ಪತ್ತನೇ ಇಸವಿಯ ಬ್ಯುಯಿಕ್ ಸ್ಕೈಲಾರ್ಕ್, ಅಮ್ಮ! ಗ್ರ್ಯಾನ್ ಸ್ಪೋರ್ಟ್! ಲಪೀರ್ ಕಡೆ ಒಬ್ಬ ಮುದುಕನ ಕೊಟ್ಟಿಗೇಲಿತ್ತು. ಎಂಜಿನ್ ಅದರದ್ದೇ, ಯಾರೂ ಬದಲಾಯಿಸಿಲ್ಲ. ನಮ್ಮೂರಲ್ಲೇ ತಯಾರಾದದ್ದು!"

"ಚೆನ್ನಾಗಿದೆ," ಎಂದಳು ನಡೀನ್. "ಎಲ್ಲಿಡ್ತೀಯ?"

ಟೋಬಿನ್ ಅಪ್ಪನ ಮುಖ ನೋಡಿದ. ಅಪ್ಪ ಟ್ರೇಲರಿನ ಸರಪಳಿ ನೋಡಿದ. ಆಗ ನಡೀನಳಿಗೆ ಕಂಡಿತು: ಅವಳ ಕಾರು ಗ್ಯಾರೇಜಿನಿಂದ ಹೊರಗೆ, ಮೇಪಲ್ ಮರದ ಕೆಳಗೆ ನಿಂತಿತ್ತು. ಬೆಳಿಗ್ಗೆ ಹೊರಡುವ ಮುಂಚೆಯೇ ಹಾರ್ಲನ್ ಅದನ್ನು ಆಚೆ ಹಾಕಿ ಹೋಗಿದ್ದ.

"ಥ್ಯಾಂಕ್ಸ್‌ಗಿವಿಂಗ್ ಹಬ್ಬದವರೆಗೆ ಅಷ್ಟೇ, ನಡೀನ್," ಎಂದ ಹಾರ್ಲನ್. "ಹಿಮ ಬೀಳೋದರೊಳಗೆ ಹುಡುಗ ಒಂದು ಹದಕ್ಕೆ ತರ್ತಾನೆ."

"ಅದರ ನೆಲದಲ್ಲಿ ತೂತಿದೆ ಹಾರ್ಲನ್. ಕೆಳಗಿನ ಹುಲ್ಲು ಕಾಣ್ತಿದೆ."

"ಅದೆಲ್ಲ ಬೆಸುಗೆ ಹಾಕಿದ್ರೆ ಆಯ್ತು."

ಅವಳು ಒಳಗೆ ಬಂದು ಸಾರಿನ ಪಾತ್ರೆಗೆ ಮುಚ್ಚಳ ಹಾಕಿದಳು. ಊಟದ ಹೊತ್ತಿಗೆ ಉಂಡೆಗಳು ಕಲ್ಲಿನಂತಾಗಿದ್ದವು. ವೆಲ್ಡಾ ಒಂದನ್ನು ಚಮಚದಿಂದ ತಟ್ಟಿ ನೋಡಿದಳು.

ನವೆಂಬರು ಪೂರ್ತಿ ಕಾರು ಸ್ವಲ್ಪ ಸ್ವಲ್ಪವಾಗಿ ಮನೆಯೊಳಗೆ ಬಂತು. ಗ್ಯಾರೇಜಿನಲ್ಲಿ ಚಳಿ ಎಂದು ಕಾರ್ಬ್ಯುರೇಟರ್ ಊಟದ ಮೇಜಿಗೆ ಬಂತು. ಮೇಜು ಗಲೀಜಾಯಿತೆಂದು ನಡೀನ್ ಬೈದಾಗ ಅದು ಪಾತ್ರೆ ತೊಳೆಯುವ ತೊಟ್ಟಿಗೆ ಹೋಯಿತು. ಸ್ನಾನದ ಮನೆಯಲ್ಲಿ ಬಾಗಿಲಿನ ಹಿಡಿಗಳು ಸೋಪಿನ ನೀರಲ್ಲಿ ನೆನೆಯುತ್ತಿದ್ದವು. ಟವೆಲುಗಳು ಒಂದೊಂದಾಗಿ ಮಾಯವಾದವು. ಒಂದು ಸಂಜೆ ಅವಳು ಮಾಂಸ ಬೇಯಿಸಲೆಂದು ಒಲೆಯ ಗೂಡು ತೆರೆದರೆ ಒಳಗೆ ಎಂಜಿನ್ನಿನ ಮುಚ್ಚಳಗಳೆರಡು ಕೆಂಪಗೆ ಕೂತಿದ್ದವು.

"ಟೋಬಿನ್!"

"ಬಣ್ಣ ಗಟ್ಟಿಯಾಗ್ಬೇಕಮ್ಮ. ಬಿಸೀಲಿಟ್ರೆ ಉದುರಲ್ಲ."

"ಇದರಲ್ಲಿ ತಿನ್ನೋದು ಬೇಯಿಸ್ತೀವಿ ಕಣೋ! ನಾಳೆ ನಿಮ್ಮಜ್ಜಿ ಕೆಂಪಗಾದ್ರೆ?"

"ನಾನು ಕೆಂಪಗಾಗಿ ಬಹಳ ವರ್ಷ ಆಯ್ತು, ಆಗ್ಲಿ ಬಿಡು," ಎಂದಳು ವೆಲ್ಡಾ ಟೀವಿಯ ಮುಂದಿನಿಂದ. ಎಪ್ಪತ್ತೆಂಟರ ಮುದುಕಿ ಮೊಮ್ಮಗನ ಪಕ್ಷ. ಅವಳ ಗಂಡ ಬ್ಯುಯಿಕ್ ಕಾರ್ಖಾನೆಯಲ್ಲೇ ದುಡಿದು ನಿವೃತ್ತನಾಗಿದ್ದವನು. "ಆ ಕಾರಿನಲ್ಲಿ ನಿಮ್ಮ ತಾತ ಹಾಕಿದ ಬೋಲ್ಟು ಇದ್ರೂ ಇರಬಹುದು ಕಣೋ ಮಗಾ," ಎನ್ನುತ್ತಿದ್ದಳು.

"ಇರುತ್ತೆ ಅತ್ತೆ," ಎನ್ನುತ್ತಿದ್ದಳು ನಡೀನ್. "ಇವತ್ತು ಅಪ್ಪ ಮಗ ಸೇರಿ ಬಿಚ್ಚೋಕಾಗದೆ ಬೈತಾ ಇದ್ರಲ್ಲ, ಅದೇ ಮಾವ ಹಾಕಿದ್ದು."

ಥ್ಯಾಂಕ್ಸ್‌ಗಿವಿಂಗ್ ಬಂತು. ಟರ್ಕಿ ಕೋಳಿ ಇಡಬೇಕಾದ ಕಪಾಟಿನ ಮೇಲೆ ರೇಡಿಯೇಟರ್ ಕೂತಿತ್ತು. ಗ್ಯಾರೇಜಿನಲ್ಲಿ ಸ್ಕೈಲಾರ್ಕ್ ಚಕ್ರವಿಲ್ಲದೆ ನಾಲ್ಕು ಕಬ್ಬಿಣದ ಕಾಲಿನ ಮೇಲೆ ನಿಂತಿತ್ತು; ಅದನ್ನು ಎಲ್ಲಿಗೂ ತಳ್ಳುವ ಹಾಗಿರಲಿಲ್ಲ.

"ಕ್ರಿಸ್ಮಸ್ಸಿಗೆ," ಎಂದ ಹಾರ್ಲನ್.

"ಯಾವ ವರ್ಷದ್ದು?" ಎಂದಳು ನಡೀನ್, ಆಲೂಗಡ್ಡೆ ಬಡಿಸುತ್ತ.

ಆಮೇಲೆ ಹಿಮ ಬಿತ್ತು. ಹಾರ್ಲನ್ ಜಿಲ್ಲೆಯ ರಸ್ತೆ ಇಲಾಖೆಯಲ್ಲಿ ಹಿಮ ತಳ್ಳುವ ಲಾರಿ ಓಡಿಸುವವನು. ಹಿಮ ಬಿದ್ದ ದಿನ ಬೆಳಗಿನ ಜಾವ ಮೂರಕ್ಕೇ ಹೋಗಿಬಿಡುತ್ತಿದ್ದ. "ಅಮ್ಮನ ಕಾರಿನ ಗಾಜು ನನ್ನ ಜವಾಬ್ದಾರಿ" ಎಂದು ಟೋಬಿನ್ ಎಲ್ಲರೆದುರು ಹೇಳಿದ್ದ. ಮೊದಲ ವಾರ ಎದ್ದು ಕೆರೆದ. ಎರಡನೇ ವಾರ ಅವಳು ಎಬ್ಬಿಸಿದರೆ ಎದ್ದ. ಮೂರನೇ ವಾರ ಅವಳೇ ಎಬ್ಬಿಸುವುದನ್ನು ಬಿಟ್ಟಳು. ರಾತ್ರಿ ಹನ್ನೊಂದರವರೆಗೆ ಕಾರಿನಡಿ ಮಲಗಿ ಕೆಲಸ ಮಾಡಿ, ಬೆಳಿಗ್ಗೆ ಎಂಟಕ್ಕೆ ಟೈರಂಗಡಿಗೆ ಓಡುವ ಹುಡುಗ. ಬಾಯಿ ತೆರೆದು ಮಲಗಿರುವುದನ್ನು ನೋಡಿದರೆ ಎಬ್ಬಿಸಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ. ಹೊರಗೆ ಹೋಗಿ ಗಾಜು ಕೆರೆಯುವಾಗ ಮಾತ್ರ ಅಪ್ಪ ಮಗ ಇಬ್ಬರನ್ನೂ ಮನಸಾರೆ ಬೈಯುತ್ತಿದ್ದಳು.

"ಇಡೀ ಜಿಲ್ಲೆಯ ಹಿಮ ತೆಗೀತಾನೆ ನನ್ನ ಗಂಡ," ಎಂದು ಒಂದು ದಿನ ಅತ್ತೆಗೆ ಹೇಳಿದಳು. "ನಮ್ಮ ಮನೆ ಯಾವ ಜಿಲ್ಲೇಲಿದೆ ಅಂತ ಅವನಿಗೆ ಗೊತ್ತಿಲ್ಲ."

ಜನವರಿಗೆ ಬೈಗುಳವೂ ನಿಂತಿತು. ನಡೀನ್ ಬಡಿಸುತ್ತಿದ್ದಳು, ಬಟ್ಟೆ ಒಗೆಯುತ್ತಿದ್ದಳು, ಕೇಳಿದ್ದಕ್ಕೆ ಹ್ಞೂಂ ಎನ್ನುತ್ತಿದ್ದಳು.

"ಏನೋ ಸರಿಯಿಲ್ಲ," ಎಂದಳು ವೆಲ್ಡಾ ಮಗನಿಗೆ. "ಅವಳು ಕೂಗಾಡೋವಾಗ ನೀನು ಕ್ಷೇಮವಾಗಿದ್ದೆ. ಈಗ ಹೋಗಿ ಮಾತಾಡು."

"ಎರಡೇ ವಾರ ಅಮ್ಮ. ಎಂಜಿನ್ ಕೂರಿಸಿಬಿಟ್ರೆ ಮುಗೀತು."

ಆ ತಿಂಗಳ ಕೊನೆಯಲ್ಲಿ ರಾತ್ರಿಯೆಲ್ಲ ಮಳೆ ಸುರಿದು, ಬಿದ್ದ ಬಿದ್ದಲ್ಲೇ ಗಾಜಾಗಿ ಹೆಪ್ಪುಗಟ್ಟಿತು. ಬೆಳಿಗ್ಗೆ ನಡೀನ್ ಕಾರಿನ ಬಾಗಿಲಿನ ಮೇಲೆ ಒಂದು ಕೈಯಿಟ್ಟು, ಇನ್ನೊಂದರಲ್ಲಿ ಮುಂದಿನ ಗಾಜು ಕೆರೆಯುತ್ತಿದ್ದಳು. ಸ್ವಲ್ಪ ಆಚೆ ಎಟುಕಿಸಿಕೊಳ್ಳಲು ಹೋದಳು. ಎರಡೂ ಕಾಲು ಒಟ್ಟಿಗೇ ಜಾರಿದವು. ಬಲಗೈ ಊರಿ ಬಿದ್ದಳು. ಮಣಿಕಟ್ಟಿನಲ್ಲಿ ಒಣಗಿದ ಕಡ್ಡಿ ಮುರಿದ ಹಾಗೆ ಸದ್ದಾದದ್ದು ಅವಳಿಗೇ ಕೇಳಿಸಿತು.

ಕಿಟಕಿಯಿಂದ ನೋಡಿದ ವೆಲ್ಡಾ ಕೂಗಿಕೊಂಡಳು. ಟೋಬಿನ್ ಬರಿಗಾಲಲ್ಲಿ, ಒಳಚಡ್ಡಿಯಲ್ಲೇ ಓಡಿ ಬಂದು, ತಾನೂ ಒಮ್ಮೆ ಬಿದ್ದು, ಮೊಣಕಾಲಿನ ಮೇಲೆ ತೆವಳಿಕೊಂಡು ಅಮ್ಮನ ಹತ್ತಿರ ಬಂದ.

"ಅಮ್ಮ... ಅಮ್ಮ... ಎಲ್ಲಿ ಪೆಟ್ಟಾಯ್ತು?"

"ಮೊದಲು ಪ್ಯಾಂಟು ಹಾಕ್ಕೊಂಡು ಬಾ ಹೋಗು," ಎಂದಳು ನಡೀನ್ ಹಲ್ಲು ಕಚ್ಚಿ. "ಆಸ್ಪತ್ರೇಲಿ ಎಲ್ಲರೂ ನನ್ನ ಪರಿಚಯದವರು."

ಹಾರ್ಲನ್‌ಗೆ ಸುದ್ದಿ ಲಾರಿಯ ರೇಡಿಯೊದಲ್ಲಿ ಮುಟ್ಟಿತು. ಅವನು ಲಾರಿಯನ್ನೇ ಓಡಿಸಿಕೊಂಡು ನೇರ ಆಸ್ಪತ್ರೆಗೆ ಬಂದ. ಒಳಗೆ ಬರುವ ದಾರಿ ಗಡ್ಡೆಗಟ್ಟಿತ್ತೆಂದು ಮುಂದಿನ ಅಲಗು ಇಳಿಸಿ, ಉಪ್ಪು ಚೆಲ್ಲುತ್ತ, ಅಂಗಳವನ್ನೆಲ್ಲ ಗುಡಿಸಿಕೊಂಡೇ ಬಂದ. ನಡೀನ್ ಮೂಳೆ ಕೂರಿಸುವವರಿಗಾಗಿ ಕಾಯುತ್ತ ಕಿಟಕಿಯಿಂದ ಅದನ್ನೆಲ್ಲ ನೋಡುತ್ತಿದ್ದಳು. ಅವನು ಟೋಪಿ ಕೈಯಲ್ಲಿ ಹಿಡಿದು ಮಂಚದ ಪಕ್ಕ ಬಂದು ನಿಂತಾಗ ಅವಳು ಅಂದದ್ದು ಒಂದೇ ಮಾತು:

"ಆಸ್ಪತ್ರೆ ಅಂಗಳ ಗುಡಿಸೋಕೆ ಟೈಮಿತ್ತು, ಅಲ್ವಾ?"

ಹಾರ್ಲನ್ ಅವಳ ಕಾಲಿನ ಮೇಲಿನ ಹೊದಿಕೆ ಸರಿಮಾಡಿದ.

ಕೈಗೆ ಬೆರಳಿನಿಂದ ಮೊಣಕೈವರೆಗೆ ಪ್ಲಾಸ್ಟರ್ ಹಾಕಿದರು. ಸಂಜೆ ಮನೆಗೆ ಬಂದು ಮೇಜಿನ ಸುತ್ತ ಕೂತಾಗ ಅಡುಗೆ ಆಗಿರಲಿಲ್ಲ. ಹಾರ್ಲನ್ ಡಬ್ಬಿಯ ಸೂಪು ಬಿಸಿ ಮಾಡಿ ತಂದ. ನಡೀನ್ ಎಡಗೈಯಲ್ಲಿ ಚಮಚ ಹಿಡಿದಳು. ಅರ್ಧ ಮೇಜಿನ ಮೇಲೆ ಚೆಲ್ಲಿತು.

"ಒಂದು ಮಾತು ಹೇಳ್ತೀನಿ ಕೇಳಿ," ಎಂದಳು. "ಕೈ ಮುರಿದದ್ದಕ್ಕೆ ನನಗೆ ಸಿಟ್ಟಿಲ್ಲ. ಹಿಮ ಯಾರನ್ನ ಬೇಕಾದ್ರೂ ಬೀಳಿಸುತ್ತೆ. ಹಾರ್ಲನ್, ಕೀಲಿ ತಂದು ನನ್ನ ಕೈಲಿಟ್ಟವನು ನೀನು. ಆಮೇಲೆ ನನಗೆ ಒಂದು ಮಾತು ಹೇಳದೆ ನನ್ನ ಕಾರು ಆಚೆ ಹಾಕಿದವನೂ ನೀನೇ."

"ಕೇಳಿದ್ರೆ ನೀನು ಬೇಡ ಅಂತಿದ್ದೆ," ಎಂದ ಹಾರ್ಲನ್ ಮೆಲ್ಲಗೆ.

"ಅಂತಿದ್ದೆ. ಅದಕ್ಕೇ ಕೇಳೋದು."

ಟೋಬಿನ್ ಸೂಪು ಮುಟ್ಟದೆ ಎದ್ದು ಹೋದ. ಮಾರನೇ ದಿನ ಸ್ಕೈಲಾರ್ಕಿನ ಫೋಟೊ ತೆಗೆದು, ಮಾರಾಟಕ್ಕಿದೆ ಎಂದು ಜಾಹೀರಾತು ಹಾಕಿದ. ಯಾರಿಗೂ ಹೇಳಲಿಲ್ಲ.

ಮನೆಯ ಕೆಲಸಗಳು ಹೊಸ ಕೈಗಳಿಗೆ ಹೋದವು. ಹಾರ್ಲನ್ ಬಟ್ಟೆ ಒಗೆದು ಬಿಳಿಯವನ್ನೆಲ್ಲ ನಸುಗೆಂಪು ಮಾಡಿದ. ವೆಲ್ಡಾ ಕುರ್ಚಿಯಲ್ಲಿ ಕೂತು ಅಡುಗೆಗೆ ಅಪ್ಪಣೆ ಕೊಟ್ಟಳು, ಟೋಬಿನ್ ಮಾಡಿದ. ಮೆಕ್ಕೆಜೋಳದ ಬ್ರೆಡ್ಡು ಮೊದಲ ಸಲ ಹೊತ್ತಿತು, ಎರಡನೇ ಸಲ ಹಸಿಯಾಯಿತು, ಮೂರನೇ ಸಲ ತಿನ್ನುವ ಹಾಗಾಯಿತು. ಎರಡು ದಿನಕ್ಕೊಮ್ಮೆ ಅವನು ಅಮ್ಮನನ್ನು ಅಡುಗೆಮನೆಯ ತೊಟ್ಟಿಯ ಮುಂದೆ ಕೂರಿಸಿ, ತಲೆ ಹಿಂದಕ್ಕೆ ವಾಲಿಸಿ, ಕೂದಲು ತೊಳೆಯುತ್ತಿದ್ದ.

"ನಿನ್ನ ಉಗುರಿನ ಗ್ರೀಸೆಲ್ಲ ನನ್ನ ತಲೆಗೆ ಬರ್ತಿದೆ ಕಣೋ."

"ಒಳ್ಳೇದಲ್ವಾ? ಬಿಳಿ ಕೂದಲು ಕಪ್ಪಾಗುತ್ತೆ."

"ಕಿವಿಯೊಳಗೆ ನೀರು ಬಿಡಬೇಡ."

"ಅಲ್ಲಾಡಬೇಡಮ್ಮ. ನಾನು ಚಿಕ್ಕವನಿದ್ದಾಗ ನೀನು ಹೀಗೇ ಅಂತಿದ್ದೆ, ನೆನಪಿದೆಯಾ? ಅಲ್ಲಾಡಿದ್ರೆ ತಲೆ ಮೇಲೆ ಒಂದು ಬಿಡ್ತಿದ್ದೆ."

"ಬಿಡು ನೋಡೋಣ ಈಗ."

ಅವನು ನಗಲಿಲ್ಲ. ನೀರಿನ ಬಿಸಿ ಮೊಣಕೈಯಲ್ಲಿ ನೋಡಿ, ನಿಧಾನವಾಗಿ ಸೋಪು ತೊಳೆದ. "ನಾನು ಎದ್ದಿದ್ರೆ ನೀನು ಬೀಳ್ತಿರ್ಲಿಲ್ಲ," ಎಂದ. ನಡೀನ್ ಕಣ್ಣು ಮುಚ್ಚಿಕೊಂಡಿದ್ದಳು. "ಎದ್ದಿದ್ರೆ ನೀನು ಬೀಳ್ತಿದ್ದೆ. ಆಗ ಬ್ರೆಡ್ಡು ಯಾರು ಮಾಡೋರು?" ಎಂದಳು.

ಶನಿವಾರ ಒಬ್ಬ ಮನುಷ್ಯ ಬಂದ. ಸ್ಟೋಡರ್ಡ್ ಎಂದು ಹೆಸರು ಹೇಳಿದ. ಇಸ್ತ್ರಿ ಮಾಡಿದ ಜಾಕೆಟ್ಟು, ಕೈಯಲ್ಲಿ ಟಾರ್ಚು. ಬಾಗಿಲು ತೆರೆದ ನಡೀನಳಿಗೆ, "ಬ್ಯುಯಿಕ್ ನೋಡೋಕೆ ಬಂದೆ," ಎಂದ. ಆಗಲೇ ಅವಳಿಗೆ ಮಾರಾಟದ ವಿಷಯ ಗೊತ್ತಾದದ್ದು. ಅವಳು ಭುಜದ ಮೇಲೆ ಕೋಟು ಹೊದ್ದು ಅವನ ಹಿಂದೆಯೇ ಗ್ಯಾರೇಜಿಗೆ ಹೋದಳು. ಅಕ್ಟೋಬರಿನಿಂದ ಅವಳು ಒಮ್ಮೆಯೂ ಅದರೊಳಗೆ ಕಾಲಿಟ್ಟಿರಲಿಲ್ಲ.

ನೆಲದ ತೂತುಗಳು ಇರಲಿಲ್ಲ. ಹೊಸ ತಗಡು ಕೂರಿಸಿ, ಬೆಸುಗೆ ಹಾಕಿ, ಉಜ್ಜಿ, ಕಪ್ಪು ಬಣ್ಣ ಬಳಿದಿತ್ತು. ಹಿಂದಿನ ಚಕ್ರಗಳ ಮೇಲಿನ ತುಕ್ಕು ಹೋಗಿ ಮೈ ನುಣುಪಾಗಿತ್ತು. ಎಂಜಿನ್ ಒಂದು ಕಬ್ಬಿಣದ ಚೌಕಟ್ಟಿನ ಮೇಲೆ ಕೆಂಪಗೆ ಹೊಳೆಯುತ್ತ ನಿಂತಿತ್ತು. ಅವಳ ಒಲೆಯಲ್ಲಿ ಬೆಂದ ಮುಚ್ಚಳಗಳು ಅದರ ಮೇಲೆ ಕೂತಿದ್ದವು. ಬಾಗಿಲಿನ ಹಿಡಿಗಳು ಅವಳ ಹಳೆಯ ಟವೆಲಿನ ಮೇಲೆ ಸಾಲಾಗಿದ್ದವು. ಟೋಬಿನ್ ಮೂಲೆಯಲ್ಲಿ ಕೈಕಟ್ಟಿ ನಿಂತಿದ್ದ.

ಸ್ಟೋಡರ್ಡ್ ಎರಡು ಸುತ್ತು ಹಾಕಿ ಟಾರ್ಚು ಆರಿಸಿದ. "ಎಂಜಿನ್, ಗೇರ್‌ಬಾಕ್ಸು, ಮುಂದಿನ ಮೀಟರುಗಳು ಒಳ್ಳೆಯವಿವೆ. ಅವು ನನಗೆ ಬೇಕು. ಒಂದೇ ಕಂತಲ್ಲಿ ದುಡ್ಡು ಕೊಡ್ತೀನಿ."

"ಉಳಿದದ್ದು?" ಎಂದಳು ನಡೀನ್.

"ಮೈಯಾ? ಗುಜರಿಗೆ ಹಾಕ್ತೀನಿ, ಮೇಡಂ. ಅದಕ್ಕೆ ಪಡೋ ಪಾಡು ಯಾರಿಗೆ ಬೇಕು?"

ಟೋಬಿನ್ ಬೆಸುಗೆಯ ಗೆರೆಯ ಮೇಲೆ ಹೆಬ್ಬೆರಳು ಆಡಿಸುತ್ತಿದ್ದ. "ಆಯ್ತು," ಎಂದ.

"ಆಗಲ್ಲ," ಎಂದಳು ನಡೀನ್.

ಇಬ್ಬರೂ ಅವಳ ಕಡೆ ತಿರುಗಿದರು.

"ಅಮ್ಮ, ಕಾರು ನನ್ನದು."

"ಕೈ ನನ್ನದು. ಅರ್ಧಂಬರ್ಧ ಮಾಡಿ ಗುಜರಿಗೆ ಹಾಕೋ ಹಾಗಿದ್ರೆ ಇದು ಮುರಿದದ್ದು ಯಾತಕ್ಕೆ?" ಪ್ಲಾಸ್ಟರಿನ ಕೈಯನ್ನು ಕೋಟಿನಿಂದ ಹೊರಗೆ ತೆಗೆದು ತೋರಿಸಿದಳು. "ನೀವು ದೂರದಿಂದ ಬಂದಿದ್ದೀರಿ, ಕಾಫಿ ಕುಡ್ಕೊಂಡು ಹೋಗಿ, ಸ್ಟೋಡರ್ಡ್. ನನ್ನ ಮಗ ಮಾರ್ತಿಲ್ಲ."

ಆ ಮನುಷ್ಯ ಕಾಫಿ ಕುಡಿದ. ಹೋಗುವಾಗ ಬೆಲೆ ಏರಿಸಿದ. ವೆಲ್ಡಾ ಅವನನ್ನು ಬಾಗಿಲವರೆಗೆ ಬಿಟ್ಟು ಬೋಲ್ಟು ಹಾಕಿಕೊಂಡಳು.

"ಕೇಳು," ಎಂದಳು ನಡೀನ್ ಮಗನಿಗೆ. "ಈ ಪ್ಲಾಸ್ಟರ್ ಇರೋವರೆಗೂ ನಾನು ಕಾರು ಓಡಿಸೋ ಹಾಗಿಲ್ಲ. ಅಂದ್ರೆ ನನ್ನ ಕಾರಿಗೆ ಗ್ಯಾರೇಜು ಬೇಕಿಲ್ಲ. ಅಷ್ಟರೊಳಗೆ ಮುಗಿಸು. ಆಮೇಲೆ ಒಂದು ದಿನ ಜಾಸ್ತಿ ಇಟ್ರೂ ಆ ಸ್ಟೋಡರ್ಡ್‌ನ ನಾನೇ ಕರೀತೀನಿ."

ಮನೆಯಲ್ಲಿ ಕೂತು ಕೂತು ಅವಳಿಗೆ ಬೇಸರ ಹಿಡಿದಿತ್ತು. ದಿನಾ ಒಂದು ಸಲ ಗ್ಯಾರೇಜಿಗೆ ಹೋಗಿ ನಿಲ್ಲತೊಡಗಿದಳು. ಮೊದಲು ಕೆಲಸ ಎಲ್ಲಿಗೆ ಬಂತೆಂದು ನೋಡಲು. ಆಮೇಲೆ ಬೆಳಕು ಹಿಡಿಯಲು. ಆಮೇಲೆ ಒಂದು ಸ್ಟೂಲು ಅವಳದ್ದೇ ಆಯಿತು. ಅಪ್ಪ ಮಗ ಎಂಜಿನ್ ಎತ್ತಿ ಕೂರಿಸಿದ ದಿನ, "ಎಡಕ್ಕೆ, ಎಡಕ್ಕೆ ಅಂದೆನಲ್ಲ, ನಿನ್ನ ಎಡ ಅಲ್ಲ, ಕಾರಿನ ಎಡ!" ಎಂದು ಕೂಗಿದವಳು ಅವಳೇ.

ಕೊನೆಗೆ ಸೀಟುಗಳು ಉಳಿದವು. ಸೀಟು ಹೊಲಿಯುವ ಅಂಗಡಿಯವರು ಕೇಳಿದ ಬೆಲೆ ಟೋಬಿನ್‌ನ ಕೈಗೆ ಎಟುಕುವಂತಿರಲಿಲ್ಲ. "ಹಳೇ ಕಂಬಳಿ ಹೊದಿಸಿ ಓಡಿಸ್ತೀನಿ," ಎಂದ.

"ಕಂಬಳಿ ಯಾಕೆ? ಕೆಳಗೆ ಹೊಲಿಗೆ ಯಂತ್ರ ಇದೆಯಲ್ಲ," ಎಂದಳು ನಡೀನ್.

ಮದುವೆಗೆ ಮುಂಚೆ ಅವಳು ಕಾರಿನ ಸೀಟು ಹೊಲಿಯುವ ಒಂದು ಸಣ್ಣ ಕಾರ್ಖಾನೆಯಲ್ಲಿ ನಾಲ್ಕು ವರ್ಷ ದುಡಿದಿದ್ದಳು. ಅದು ಮುಚ್ಚಿದಾಗ ತಾನು ಕೂರುತ್ತಿದ್ದ ಯಂತ್ರವನ್ನೇ ಕೊಂಡು ತಂದಿದ್ದಳು. ಟೋಬಿನ್‌ಗೆ ಅದು ನೆಲಮಾಳಿಗೆಯಲ್ಲಿ ಇಸ್ತ್ರಿ ಬಟ್ಟೆ ಪೇರಿಸುವ ಮೇಜು ಎಂದಷ್ಟೇ ಗೊತ್ತಿತ್ತು.

"ನೀನು ಹೊಲೀತೀಯಾ? ಈ ಕೈಯಲ್ಲಿ?"

"ನಾನಲ್ಲ. ನೀನು."

ಕಪ್ಪು ರೆಕ್ಸಿನ್ ತರಿಸಿದರು. ಹಳೆಯ ಹೊದಿಕೆಯ ಹೊಲಿಗೆ ಬಿಚ್ಚಿ, ಒಂದೊಂದು ತುಂಡನ್ನೂ ಹೊಸದರ ಮೇಲಿಟ್ಟು ಗೆರೆ ಎಳೆದು ಕತ್ತರಿಸಿದರು. ಟೈರು ಎತ್ತಿ ಎತ್ತಿ ಗಡುಸಾದ ಕೈಗಳನ್ನು ಸೂಜಿಯ ಕೆಳಗಿಟ್ಟು ಟೋಬಿನ್ ಪೆಡಲ್ ಒತ್ತಿದ. ಯಂತ್ರ ಗರ್ರೆಂದು ಹಾರಿ, ರೆಕ್ಸಿನ್ ಎಳೆದುಕೊಂಡು ಹೋಗಿ ಗೋಡೆಯ ಕಡೆಗೆ ತಿರುಗಿತು.

"ಅದು ನಿನ್ನ ಕಾರಿನ ಪೆಡಲ್ಲಲ್ಲ," ಎಂದಳು ನಡೀನ್. "ಮಲಗಿರೋ ಮಗು ಮೇಲೆ ಕಾಲಿಟ್ಟ ಹಾಗೆ ಇಡು."

"ಮಲಗಿರೋ ಮಗು ಮೇಲೆ ಯಾಕಮ್ಮ ಕಾಲಿಡ್ತೀನಿ?"

"ಬಾಯಿ ಮುಚ್ಚಿ ಹೊಲಿ."

ಮೊದಲ ದಿನ ಹೊಲಿದದ್ದನ್ನೆಲ್ಲ ಬಿಚ್ಚಿಸಿದಳು. ಎರಡನೇ ದಿನವೂ. "ಯಾರು ನೋಡ್ತಾರಮ್ಮ, ಕೂತ ಮೇಲೆ ಮುಚ್ಚಿಹೋಗುತ್ತೆ," ಎಂದ ಅವನು. "ನಾನು ನೋಡ್ತೀನಿ," ಎಂದಳು. ಮೆಟ್ಟಿಲ ಮೇಲಿನಿಂದ ವೆಲ್ಡಾ, "ಬಿಚ್ಚಿಸಿದ್ಯಾ ಇವತ್ತೂ?" ಎಂದು ಕೇಳುತ್ತಿದ್ದಳು. "ಬಿಚ್ಚಿಸ್ದೆ ಅತ್ತೆ." "ಒಳ್ಳೇದು. ಊಟಕ್ಕೆ ಬನ್ನಿ."

ಹಿಂದಿನ ಸೀಟಿನ ಉದ್ದನೆಯ ತುಂಡು ಹೊಲಿಯುವಾಗ ರೆಕ್ಸಿನ್ನಿನ ಭಾರ ತಡೆಯಲು ಇನ್ನೊಬ್ಬರು ಬೇಕಾಯಿತು. ಹಾರ್ಲನ್ ಎರಡೂ ಕೈಯಲ್ಲಿ ಅದನ್ನು ಹಿಡಿದು ಯಂತ್ರದ ಆಚೆ ನಿಂತ. ಪಕ್ಕದಲ್ಲಿ ನಡೀನ್. ಟೋಬಿನ್ ಪೆಡಲ್ ಒತ್ತಿದ.

"ನಡೀನ್. ನಾನು ನಿನ್ನನ್ನ ಕೇಳಬೇಕಿತ್ತು."

"ಗಟ್ಟಿಯಾಗಿ ಹಿಡಿ. ಸಡಿಲ ಬಿಟ್ರೆ ಸುಕ್ಕು ಬರುತ್ತೆ."

"ಹಿಡಿದಿದ್ದೀನಿ. ನಾನು ಹೇಳಿದ್ದು ಕೇಳಿಸ್ತಾ?"

"ಯಂತ್ರದ ಸದ್ದು. ಇನ್ನೊಂದ್ಸಲ ಹೇಳು."

ಟೋಬಿನ್ ಪೆಡಲಿನಿಂದ ಕಾಲು ತೆಗೆದ. ಯಂತ್ರ ನಿಂತಿತು. ಹಾರ್ಲನ್ ಮಗನನ್ನು ನೋಡಿದ. ಮಗ ಸೂಜಿಗೆ ದಾರ ಇದೆಯೇ ಎಂದು ಬಹಳ ಗಮನವಿಟ್ಟು ನೋಡುತ್ತಿದ್ದ.

"ನಿನ್ನನ್ನ ಕೇಳದೆ ನಿನ್ನ ಕಾರು ಆಚೆ ಹಾಕಿದ್ದು ತಪ್ಪಾಯ್ತು ಅಂದೆ."

"ಇನ್ನೂ ಸ್ವಲ್ಪ ಜೋರಾಗಿ," ಎಂದಳು ವೆಲ್ಡಾ ಮೇಲಿನಿಂದ. "ಮೇಲಿರೋರಿಗೆ ಕೇಳಿಸಲಿಲ್ಲ."

ನಡೀನ್ ಮೊದಲು ನಕ್ಕಳು. ಆಮೇಲೆ ನಿಲ್ಲಿಸಲಾಗದೆ ಗೋಡೆಗೊರಗಿ, ಪ್ಲಾಸ್ಟರಿನ ಕೈಯನ್ನು ಎದೆಗೊತ್ತಿಕೊಂಡು ನಕ್ಕಳು. ಹಾರ್ಲನ್‌ನ ಕೈಯಿಂದ ರೆಕ್ಸಿನ್ ಜಾರಿತು. ಆ ಸಾಲು ಸುಕ್ಕಾಯಿತು, ಅದನ್ನೂ ಬಿಚ್ಚಬೇಕಾಯಿತು.

ಪ್ಲಾಸ್ಟರ್ ಬಿಚ್ಚುವ ದಿನಕ್ಕೆ ಕಾರು ಮುಗಿಯಲಿಲ್ಲ. ಬ್ರೇಕಿನ ಕೊಳವೆ ಸೋರುತ್ತಿತ್ತು, ಬಣ್ಣ ಹೊಡೆಯುವವನು ಎರಡು ಸಲ ಕೈಕೊಟ್ಟ. ನಡೀನ್ ಸ್ಟೋಡರ್ಡ್‌ನನ್ನು ಕರೆಯಲಿಲ್ಲ. "ಡಾಕ್ಟರು ಇನ್ನೂ ಒಂದು ತಿಂಗಳು ಕೈ ಪಳಗಿಸು ಅಂದಿದಾರೆ," ಎಂದು ಮಗನಿಗೆ ಹೇಳಿದಳು, ಮೆತ್ತನೆ ಚೆಂಡು ಹಿಚುಕುತ್ತ. ಏಪ್ರಿಲಿನ ಒಂದು ಸಂಜೆ ಎಂಜಿನ್ ಹತ್ತಿಕೊಂಡಿತು. ಮೊದಲು ಕೆಮ್ಮಿತು, ಹೊಗೆ ಕಾರಿತು, ಆಮೇಲೆ ಇಡೀ ಗ್ಯಾರೇಜು ತುಂಬ ಒಂದು ದಪ್ಪನೆಯ ಗುಡುಗು ನಿಂತಿತು. ಕಪಾಟಿನ ಮೇಲಿನ ಡಬ್ಬಿಗಳೆಲ್ಲ ನಡುಗಿದವು. ಟೋಬಿನ್ ಏನೋ ಕೂಗುತ್ತಿದ್ದ, ಯಾರಿಗೂ ಕೇಳಿಸಲಿಲ್ಲ. ಹಾರ್ಲನ್ ಅವನ ತಲೆಗೂದಲನ್ನು ಗಟ್ಟಿಯಾಗಿ ಹಿಡಿದು ಅಲ್ಲಾಡಿಸಿದ. ವೆಲ್ಡಾ ಮನೆಯ ಚಪ್ಪಲಿಯಲ್ಲೇ ಹೊರಗೆ ಬಂದು, ಕಾರಿನ ಮೂಗಿನ ಮೇಲೆ ಕೈಯಿಟ್ಟು ಸುಮ್ಮನೆ ನಿಂತಳು. ಅವಳ ಕಣ್ಣು ಒದ್ದೆಯಾಗಿದ್ದನ್ನು ನಡೀನ್ ನೋಡಿದಳು. ಹೊಗೆ ಎಂದಳು ಮುದುಕಿ.

ಮಾರನೆಯ ಬೆಳಿಗ್ಗೆಯೇ ಟೋಬಿನ್ ತನ್ನ ಕಾರನ್ನು ಹೊರಗೆ ತಂದು, ನೆಲದ ಎಣ್ಣೆಯ ಕಲೆಗಳನ್ನೆಲ್ಲ ಉಜ್ಜಿ ತೊಳೆದು, ನಡೀನಳ ಕಾರನ್ನು ಒಳಗೆ ತಳ್ಳಿದ. ಮುಂದಿನ ಚಳಿಗಾಲಕ್ಕೆ ಪಕ್ಕದ ರಸ್ತೆಯವರ ಕೊಟ್ಟಿಗೆಯಲ್ಲಿ ಜಾಗ ಮಾತಾಡಿಕೊಂಡು ಬಂದಿದ್ದ. ಹಾಗೆ ಮಾತಾಡುವ ಮುಂಚೆ ಅವರ ಮನೆಯ ಹೆಂಗಸನ್ನು ಕೇಳಿದ್ದೇನೆಂದು ಎರಡು ಸಲ ಹೇಳಿದ.

ಮೇ ತಿಂಗಳ ಮೊದಲ ಸೋಮವಾರ ನಡೀನ್ ಕೆಲಸಕ್ಕೆ ಮರಳಬೇಕಿತ್ತು. ಐದಕ್ಕೆ ಗ್ಯಾರೇಜಿಗೆ ಹೋಗಿ ಕೀಲಿ ತಿರುವಿದಳು. ಟಿಕ್ ಎಂದಿತು, ಅಷ್ಟೇ. ತಿಂಗಳುಗಟ್ಟಲೆ ನಿಂತಿದ್ದ ಕಾರಿನ ಬ್ಯಾಟರಿ ಸತ್ತಿತ್ತು. ಹಾರ್ಲನ್ ಆಗಲೇ ರಸ್ತೆಯ ಗುಂಡಿ ಮುಚ್ಚಲು ಹೋಗಿದ್ದ. ಅವಳು ಮಗನ ಕೋಣೆಗೆ ಹೋಗಿ ಭುಜ ಅಲ್ಲಾಡಿಸಿದಳು.

"ನಿನ್ನ ಕಾರಿನ ಕೀಲಿ ಎಲ್ಲಿದೆ?"

ಟೋಬಿನ್ ದಡಕ್ಕನೆ ಎದ್ದು ಕೂತ. ಆ ಕಾರನ್ನು ಅವನು ಇದುವರೆಗೆ ಅಪ್ಪನಿಗೂ ಕೊಟ್ಟಿರಲಿಲ್ಲ. "ನಾನೇ ಬಿಟ್ಟು ಬರ್ತೀನಿ."

"ಮಲಗು. ನನಗೆ ಓಡಿಸೋಕೆ ಬರುತ್ತೆ."

ಅವನು ದಿಂಬಿನ ಕೆಳಗಿನಿಂದ ಕೀಲಿ ತೆಗೆದ. ಕೊಡುವಾಗ ಒಂದು ಕ್ಷಣ ಬಿಡಲಿಲ್ಲ. "ಬ್ರೇಕು ಸ್ವಲ್ಪ ಮುಂಚೆ ಒತ್ತಬೇಕು. ಮೆಲ್ಲಗೆ ಹೋಗಮ್ಮ. ಕೈ ನೋವಾದ್ರೆ ನಿಲ್ಲಿಸಿಬಿಡು."

"ಆಯ್ತು ಮಾರಾಯ, ಬಿಡು."

ಹೋಗುವಾಗ ಅವಳು ಮೆಲ್ಲಗೇ ಹೋದಳು. ಆಸ್ಪತ್ರೆಯ ಅಂಗಳದಲ್ಲಿ ಎರಡು ಕಾರಿನ ಜಾಗ ಹಿಡಿದು, ಯಾರ ಬಾಗಿಲೂ ತಾಕದ ಹಾಗೆ ನಿಲ್ಲಿಸಿದಳು. ಮಧ್ಯಾಹ್ನ ಪಾಳಿ ಮುಗಿಸಿ ಬಂದರೆ ಕಾರಿನ ಸುತ್ತ ಐದಾರು ಜನ ನಿಂತಿದ್ದರು. "ಯಾರದ್ದು ಇದು?" ಎಂದು ಒಬ್ಬ ಮುದುಕ ಕೇಳಿದ. "ನಮ್ಮದು," ಎಂದಳು. ಅವನು ಒಳಗೆ ಇಣುಕಿ, "ಸೀಟಿನ ಹೊಲಿಗೆ ನೋಡಿ, ಎಷ್ಟು ನೇರ!" ಎಂದ. ನಡೀನ್ ಹತ್ತಿ ಕೂತಳು.

ಬಿಸಿಲಿತ್ತು. ಗಾಜುಗಳನ್ನೆಲ್ಲ ಇಳಿಸಿದಳು. ಅಡುಗೆಮನೆಯ ಜಾಲರಿ ಟೋಪಿ ಇನ್ನೂ ತಲೆಯ ಮೇಲಿತ್ತು. ಡಾರ್ಟ್ ಹೆದ್ದಾರಿಯ ಕೆಂಪು ದೀಪದಲ್ಲಿ ನಿಂತಾಗ ಪಕ್ಕಕ್ಕೆ ಒಂದು ಹೊಸ ಹಳದಿ ಕಾರು ಬಂದು ನಿಂತಿತು. ಒಳಗೆ ಕಪ್ಪು ಕನ್ನಡಕದ ಒಬ್ಬ ಯುವಕ. ಅವನು ಬ್ಯುಯಿಕ್ಕನ್ನು ಮೇಲಿಂದ ಕೆಳಗೆ ನೋಡಿದ, ಆಮೇಲೆ ಅವಳ ಟೋಪಿಯನ್ನು ನೋಡಿದ, ನಕ್ಕ. ಪಂದ್ಯಕ್ಕೆ ಕರೆಯುವವನಂತೆ ಎಂಜಿನ್ ಒಮ್ಮೆ ಗುರ್ ಎನಿಸಿದ.

ನಡೀನ್ ಮುಂದೆ ನೋಡುತ್ತ ಕೂತಳು. ಅವನು ಇನ್ನೊಮ್ಮೆ ಗುರ್ ಎನಿಸಿದ. ಅವಳು ಟೋಪಿ ತೆಗೆದು ಪಕ್ಕದ ಸೀಟಿನ ಮೇಲಿಟ್ಟಳು. ಬಲಗೈ ಬೆರಳುಗಳನ್ನು ಒಮ್ಮೆ ಮಡಚಿ ಬಿಚ್ಚಿದಳು. ನೋವಿರಲಿಲ್ಲ.

ದೀಪ ಹಸಿರಾಯಿತು.

ಅಂದು ರಾತ್ರಿಯೂಟಕ್ಕೆ ಬೀನ್ಸ್ ಕಾಳು, ಹುರಿದ ಆಲೂಗಡ್ಡೆ, ಟೋಬಿನ್ ಮಾಡಿದ ಬ್ರೆಡ್ಡು. ಅವನು ಕೆಲಸದಿಂದ ತಡವಾಗಿ ಬಂದು, ಕೈ ತೊಳೆಯುವ ಮುಂಚೆಯೇ ಕಾರು ನೋಡಲು ಹೋದ. ಹಾರ್ಲನ್ ಹೆಂಡತಿಯ ತಟ್ಟೆಗೆ ಬೆಣ್ಣೆ ಹಾಕುತ್ತ, "ಹೇಗಿತ್ತು? ಕೈ ನೋವಾಯ್ತಾ?" ಎಂದು ಕೇಳಿದ.

"ಇಲ್ಲ. ಚೆನ್ನಾಗಿತ್ತು."

"ಕೂದಲು ಯಾಕೆ ಹಾಗಾಗಿದೆ?" ಎಂದಳು ವೆಲ್ಡಾ.

"ಗಾಳಿ ಅತ್ತೆ."

ಟೋಬಿನ್ ಒಳಗೆ ಬಂದು ಬಾಗಿಲಲ್ಲೇ ನಿಂತ. "ಅಮ್ಮ. ಹಿಂದಿನ ಟೈರಲ್ಲಿ ಸುಟ್ಟ ರಬ್ಬರಿನ ವಾಸನೆ ಬರ್ತಿದೆ."

ಹಾರ್ಲನ್‌ನ ಚಾಕು ಬೆಣ್ಣೆಯಲ್ಲೇ ನಿಂತಿತು. ವೆಲ್ಡಾ ಸೊಸೆಯನ್ನು ನೋಡಿದಳು. ನಡೀನ್ ಬ್ರೆಡ್ಡು ಮುರಿದು ಬೀನ್ಸಿನಲ್ಲಿ ಅದ್ದಿದಳು.

"ಕೈ ತೊಳ್ಕೊಂಡು 'ಯಾರು ಗೆದ್ದಿದ್ದು' ಅಂತ ಕೇಳು," ಎಂದಳು. "ಆಮೇಲೆ ಊಟಕ್ಕೆ ಕೂತ್ಕೋ."